ಚಮಚದ ಸದ್ದು

ಟಣ್, ಟಣ್.

ಹೋಟೆಲಿನ ಹಿರಿಯ ಅಡುಗೆಯವರಾದ ದೇಜಪ್ಪಣ್ಣ ರುಚಿ ನೋಡಿ ತಟ್ಟೆಗೆ ಚಮಚ ಒಮ್ಮೆ ಬಡಿದರೆ ಅಡುಗೆ ಪಾಸು, ಎರಡು ಸಲ ಬಡಿದರೆ ಫೇಲು. ಸುಗಂಧಿಗೆ ಎರಡು ವರ್ಷದಿಂದಲೂ ಎರಡೇ ಬಡಿತ, ಒಂದೇ ಮಾತು: ಉಪ್ಪು ಜಾಸ್ತಿ. ಹಾಗಾಗಿ ಅವಳ ಪಾಲಿಗೆ ಒಲೆಯಿಲ್ಲ, ಈರುಳ್ಳಿ ಹೆಚ್ಚುವ ಮಣೆ ಮಾತ್ರ.

ಆ ರಜಾದಿನ ಅಡುಗೆಯವರೆಲ್ಲ ತಮಾಷೆಗೆಂದು ಕೋಳಿ ರೆಕ್ಕೆ ಹುರಿಯುವ ಪಂದ್ಯ ಇಟ್ಟುಕೊಂಡಿದ್ದರು. ಸುಗಂಧಿಯ ತಟ್ಟೆಯಿಂದ ಒಂದು ರೆಕ್ಕೆ ಕಚ್ಚಿದ ದೇಜಪ್ಪಣ್ಣ ಎಂದಿನಂತೆ ಎರಡು ಸಲ ಬಡಿದರು.

“ಉಪ್ಪು ಜಾಸ್ತಿ ಮಾರಾಯ್ತಿ. ಕಡಲಲ್ಲಿ ತೊಳೆದು ತಂದದ್ದಾ?”

ಎಲ್ಲರೂ ನಕ್ಕರು. ಸುಗಂಧಿ ಕದಲಲಿಲ್ಲ.

“ಇನ್ನೊಮ್ಮೆ ನೋಡಿ ಅಣ್ಣ. ಸರಿಯಾಗಿ ನೋಡಿ.”

ಅವಳ ಮುಖ ನೋಡುತ್ತಲೇ ಅವರ ನಗು ಆರಿತು. ಹತ್ತಿರ ಬಾಗಿ, ಅವಳಿಗಷ್ಟೇ ಕೇಳುವಂತೆ, “ಕಮ್ಮಿಯಾ?” ಎಂದರು.

“ನಾಳೆಯಿಂದ ನನಗೆ ಒಲೆ ಕೊಡಿ,” ಅವಳೂ ಅಷ್ಟೇ ಮೆಲ್ಲಗೆ ಹೇಳಿದಳು. “ನಿಮ್ಮ ಉಪ್ಪು ನಾನು ನೋಡ್ತೇನೆ.”

ಚಮಚ ಮತ್ತೆ ಬಡಿಯಿತು, ಈ ಬಾರಿ ಒಂದೇ ಸಲ.

“ನಮಗೂ ಒಂದೊಂದು ಕೊಡಿ ಅಕ್ಕ,” ಎಂದು ಉಳಿದವರು ಕೈಚಾಚಿದರು.

ದೇಜಪ್ಪಣ್ಣನ ಗುಟ್ಟನ್ನು ಯಾರಿಗೂ ಹೇಳುವುದಿಲ್ಲವೆಂದು ಅಷ್ಟರಲ್ಲೇ ತೀರ್ಮಾನಿಸಿದ್ದ ಸುಗಂಧಿ, ಒಂದು ಹರಳು ಉಪ್ಪೂ ಹಾಕದೆ ಹುರಿದಿದ್ದ ಆ ರೆಕ್ಕೆಗಳನ್ನೆಲ್ಲ ಒಬ್ಬಳೇ ತಿಂದು ಮುಗಿಸಿದಳು.