ಮನೆಯವರಿಗೆ ಗೊತ್ತಾಗಬಾರದು

"ನಮ್ಮ ಮನೆಯವರಿಗೆ ಮಾತ್ರ ಗೊತ್ತಾಗಬಾರದು, ಡಾಕ್ಟ್ರೇ. ಎದೆ ಒಡ್ಕೊಳ್ತಾರೆ."

ತನ್ನದೇ ಮನೆಯ ಕಿಟಕಿಯ ಕೆಳಗೆ ಪುದೀನ ಕೊಯ್ಯುತ್ತಿದ್ದ ಟೈಲರ್ ಕೂತಲ್ಲೇ ಕಲ್ಲಾದ. ಒಳಗೆ ಅವನ ಹೆಂಡತಿ ಫೋನಿನಲ್ಲಿದ್ದಳು. ಅವಳ ಬಾಯಲ್ಲಿ 'ನಮ್ಮ ಮನೆಯವರು' ಎಂದರೆ ಅವನೇ, ಬೇರೆ ಯಾರಿದ್ದಾರೆ? "ಮುಂದಿನ ಬಿತ್ತನೆ ನೋಡೋದೂ ಕಷ್ಟ ಅಂತೀರಾ?" ಎಂದು ಕೇಳಿದಳು. ಆಮೇಲೆ ಮೂಗು ಸೀಟಿದ ಸದ್ದು.

ಕೆಲವೇ ದಿನಗಳ ಹಿಂದೆ ಗಂಡ ಹೆಂಡತಿ ಒಟ್ಟಿಗೇ ಆಸ್ಪತ್ರೆಗೆ ಹೋಗಿಬಂದಿದ್ದರು. ಅವಳಿಗೆ ಸೊಂಟನೋವು, ಇವನಿಗೆ ಬಿಡದ ಕೆಮ್ಮು. ಒಂದೇ ಓಡಾಟದಲ್ಲಿ ಎರಡೂ ಮುಗಿಯಲಿ ಎಂಬುದು ಇವನದೇ ಜಾಣತನ. ರಿಪೋರ್ಟು ತರಲು ಅವಳೊಬ್ಬಳೇ ಹೋಗಿದ್ದಳು. "ಏನೂ ಇಲ್ವಂತೆ ಬಿಡಿ," ಎಂದಿದ್ದಳು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಹೆಂಗಸು, ಹೇಳುವಾಗ ಚೀಲದ ದಾರ ತಿರುಚುತ್ತಿದ್ದಳು.

ಈಗ ಅವನಿಗೆ ಎಲ್ಲವೂ ಅರ್ಥವಾಗತೊಡಗಿತು. ತಟ್ಟೆಯಲ್ಲಿದ್ದುದನ್ನು ಅವಳು ಕೆದಕಿ ಕೆದಕಿ ಬಿಡುತ್ತಾಳೆ. ಕಣ್ಣು ಸದಾ ಕೆಂಪು. ಜಗಳವಾಡುವುದನ್ನೇ ಮರೆತಿದ್ದಾಳೆ, ಇದಕ್ಕಿಂತ ಕೆಟ್ಟ ಲಕ್ಷಣ ಬೇಕೆ? ಅವಳಿಲ್ಲದ ಮನೆಯನ್ನು ನೆನೆದಾಗೆಲ್ಲ ಅವನು ಎದ್ದು ಹೋಗಿ, ಅವಳು ಅಡುಗೆಮನೆಯಲ್ಲಿದ್ದಾಳೋ ಎಂದು ಇಣುಕಿ ಬರುತ್ತಿದ್ದ.

ಮಣ್ಣು ಕಂಡರೆ ಮೂಗು ಮುರಿಯುತ್ತಿದ್ದವಳು ಈಗ ಅವನ ಬೆನ್ನಿಗೇ ತೋಟಕ್ಕೆ ಬರುತ್ತಿದ್ದಳು. ಬೀನ್ಸ್ ಬಳ್ಳಿ ಹಳದಿಗೆ ತಿರುಗಿತ್ತು, ಚೆಂಡುಹೂ ಒಣಗಿ ತಲೆ ಬಾಗಿಸಿತ್ತು.

"ಈ ಸೌತೆಕಾಯಿಗೆ ಯಾಕ್ರೀ ಚಿಂದಿ ಕಟ್ಟಿದೀರಾ?"

"ಬೀಜಕ್ಕೆ ಬಿಟ್ಟಿದ್ದು ಅಂತ ಗುರುತು."

"ಬೀಜ ಒಣಗಿಸೋದು ಬಿಸಿಲಲ್ಲೋ, ನೆರಳಲ್ಲೋ? ಯಾವಾಗ ಬಿತ್ತೋದು? ಎಷ್ಟು ಆಳಕ್ಕೆ?"

ಹೋಗುವವಳಿಗೆ ಬದುಕಿನ ಮೇಲೆ ಎಂಥ ಆಸೆ ಎಂದುಕೊಂಡ. ಕೆಮ್ಮಿದ ನೆಪದಲ್ಲಿ ಕಣ್ಣೊರೆಸಿಕೊಂಡು, ಒಂದನ್ನೂ ಬಿಡದೆ ಹೇಳಿಕೊಟ್ಟ.

ಆದರೆ ಅವಳು ಎಲ್ಲ ಮುಚ್ಚಿಟ್ಟುಕೊಂಡು ಒಬ್ಬಳೇ ಒದ್ದಾಡಲಿ ಎಂದು ಬಿಡುವುದಾದರೂ ಹೇಗೆ? ಒಂದು ಸಂಜೆ ಕೊನೆಯ ಟೊಮ್ಯಾಟೊ ಬಿಡಿಸುವಾಗ ಹೇಳಿಯೇಬಿಟ್ಟ.

"ನಂಗೆಲ್ಲಾ ಗೊತ್ತು ಕಣೇ. ಡಾಕ್ಟ್ರ ಹತ್ರ ನೀನು ಮಾತಾಡಿದ್ದು ಕೇಳಿಸ್ಕೊಂಡೆ."

ಅವಳ ಕೈಯಿಂದ ಬುಟ್ಟಿ ಜಾರಿತು. ಅವನ ಎದೆಗೆ ಮುಖವೊತ್ತಿ ಬಿಕ್ಕಿದಳು. "ಗೊತ್ತಿದ್ದೂ ಹೀಗೆ ನಗ್ತಾ ಓಡಾಡ್ಕೊಂಡಿದ್ರಾ! ಎಂಥ ಗಟ್ಟಿ ಜೀವಾರೀ ನಿಮ್ದು!"

"ಗಟ್ಟಿಯೇನು ಬಂತು? ನೀನು ಹೋದ್ಮೇಲೆ ಈ ಮನೇಲಿ ನಾನೊಬ್ನೇ ಹೇಗಿರ್ಲಿ ಹೇಳು?"

ಅವಳು ತಲೆಯೆತ್ತಿದಳು. "ನಾನಾ? ನಾನೆಲ್ಲಿಗ್ರೀ ಹೋಗ್ತೀನಿ? ನಂಗೇನಾಗಿದೆ?"

ಹೋದ ಜೀವ ಬಂದಂತಾಯಿತು ಅವನಿಗೆ, ಅವಳು ತಟ್ಟನೆ ಬಾಯಿಗೆ ಕೈ ಅಡ್ಡ ಹಿಡಿಯುವವರೆಗೆ.