ಹಳದಿ ಬಾಗಿಲು

ಅಂಚೆ ಕಚೇರಿಯ ಬಾಗಿಲಿನ ಬಣ್ಣ ಇನ್ನೂ ಒಣಗಿರಲಿಲ್ಲ. ಗುಂಪಿನ ಕೊನೆಯಲ್ಲಿದ್ದ ಪ್ರವಾಸೋದ್ಯಮ ಇಲಾಖೆಯ ತಪಾಸಣಾಧಿಕಾರಿ ಯಾರೂ ನೋಡದಾಗ ಬೆರಳಿಟ್ಟು ನೋಡಿದಳು. ಹಳದಿ ಅಂಟಿತು. ಸಿಕ್ಕಿಬಿದ್ದರು, ಅಂದುಕೊಂಡಳು.

ಅವಳ ಚೀಲದಲ್ಲಿ ದೂರಿನ ಪತ್ರವಿತ್ತು. 'ನಿಮ್ಮ ಗೈಡ್ ಬಾಯಿಬಿಟ್ಟರೆ ಸುಳ್ಳು. ನೀಲಿ ಬಾಗಿಲು ತೋರಿಸಿ ಹಳದಿ ಅನ್ನುತ್ತಾನೆ. ಬಿಳಿ ಗುಲಾಬಿ ತೋರಿಸಿ ಕೆಂಪು ಅನ್ನುತ್ತಾನೆ. ಕೇಳಿದರೆ ನಗುತ್ತಾನೆ. ದುಡ್ಡು ಕೊಟ್ಟು ಬಂದವರ ಕಣ್ಣಿಗೆ ಮಣ್ಣೆರಚುತ್ತಿದ್ದಾನೆ.' ಬರೆದ ಮಹಾಶಯ ಊರು ಬಿಡುವ ಮೊದಲು ಚೌಕದಲ್ಲಿ ನಿಂತು ಇದನ್ನೇ ಗಂಟಲು ಹರಿಯುವಂತೆ ಕೂಗಿ ಹೋಗಿದ್ದನಂತೆ. ದೂರು ನಿಜವಾದರೆ ಗೈಡ್ ಎದೆಯ ಮೇಲಿನ ಹಿತ್ತಾಳೆ ಬಿಲ್ಲೆ ಕಿತ್ತುಕೊಳ್ಳಬೇಕು. ಮೂವತ್ತೆರಡು ವರ್ಷದ ಕೆಲಸ ಅಲ್ಲಿಗೆ ಮುಗಿಯಿತು.

ಹನ್ನೊಂದು ವರ್ಷದ ನೌಕರಿಯಲ್ಲಿ ಅವಳನ್ನು ನೆಗಡಿ ಹಿಡಿದಿತ್ತೇ ಹೊರತು ಅವಳು ಯಾರನ್ನೂ ಹಿಡಿದಿರಲಿಲ್ಲ. ಆದ್ದರಿಂದ ಹೇಳದೆ ಕೇಳದೆ, ಅಗಲ ಟೋಪಿ ಹಾಕಿಕೊಂಡು, ಪ್ರವಾಸಿಗಳ ನಡುವೆ ಸೇರಿಕೊಂಡಿದ್ದಳು.

"ಇದು ನಮ್ಮ ಹಳದಿ ಬಾಗಿಲು," ಗೈಡ್ ಕೊಡೆಯ ತುದಿಯಿಂದ ಬಾಗಿಲು ತಟ್ಟಿ ಹೇಳಿದ. "ಊರಿಗೆ ಮೊದಲ ಪ್ರೇಮಪತ್ರ ಬಂದಿದ್ದು ಇಲ್ಲಿಗೇ. ವಿಳಾಸ ತಪ್ಪಿತ್ತು. ಅಂಚೆಯವನೇ ಓದಿ, ಅವನೇ ಉತ್ತರ ಬರೆದು, ಅವನೇ ಮದುವೆಯಾದ."

ಗುಂಪು ಗೊಳ್ಳೆಂದು ನಕ್ಕಿತು. ಗೈಡ್ ಮೂಗರಳಿಸಿದ. "ಏನಿದು, ಬಣ್ಣದ ವಾಸನೆ?"

ಏಣಿಯ ಮೇಲಿದ್ದ ಪೇಂಟರ್ ಗಾಬರಿಯಿಂದ ಕುಂಚ ಬೀಳಿಸಿದ. "ಹಬ್ಬ ಅಲ್ವಾ ಗೈಡಣ್ಣ! ಹಳದಿ ಮೇಲೆ ಹಳದೀನೇ ಇನ್ನೊಂದು ಕೈ!"

ಬಾಗಿಲ ಮೂಲೆಯಲ್ಲಿ ಅಂಗೈಯಷ್ಟು ನೀಲಿ ಉಳಿದಿತ್ತು. ಅವಳು ಗುರುತು ಹಾಕಿಕೊಂಡಳು.

ಅಂದು ಊರಿನ ಹುಟ್ಟುಹಬ್ಬ. ಬೀದಿಯ ಈ ಮಹಡಿಯಿಂದ ಆ ಮಹಡಿಗೆ ಕಾಗದದ ಬಾವುಟಗಳು. ಚೌಕದಲ್ಲಿ ವಾದ್ಯದವರು ರಾಗಕ್ಕಿಂತ ಹೆಚ್ಚಾಗಿ ಉಸಿರು ಹಿಡಿಯುವ ಅಭ್ಯಾಸ ನಡೆಸಿದ್ದರು. ಊರು ಅವಳಿಗೆ ಇಷ್ಟವಾಗತೊಡಗಿತ್ತು, ಅದೇ ಒಂದು ತಲೆನೋವು. ಗೈಡ್ ಮುಂದೆ ಮುಂದೆ ನಡೆದ, ಕೊಡೆಯಿಂದ ಕಲ್ಲುಹಾಸಿಗೆ ತಾಳ ಹಾಕುತ್ತಾ. "ಇಲ್ಲಿಂದ ಉದ್ಯಾನಕ್ಕೆ ನಲವತ್ತೊಂದು ಹೆಜ್ಜೆ. ಬೇಕಾದ್ರೆ ಎಣಿಸಿ."

ಅವಳು ಎಣಿಸಿದಳು. ನಲವತ್ತೊಂದೇ.

ಆದರೆ ಊರಿನವರ ನಡವಳಿಕೆ ಸರಿಯಿರಲಿಲ್ಲ. ಗೈಡ್ ಹಾದುಹೋದಲ್ಲೆಲ್ಲ ಗಲಾಟೆ. "ಬನ್ ಬಿಸಿ ಇದೆ ಗೈಡಣ್ಣ!" ಬೇಕರಿಯವಳು ಕೂಗಿದಳು. "ಮೂರೂ ಮೆಟ್ಟಿಲು ಒದ್ದೆ ಇದೆ ಗೈಡಣ್ಣ!" ಎಂದು ಕ್ಷೌರಿಕ. ದರ್ಜಿಯಂತೂ ಬಟ್ಟೆಯೇ ಇಲ್ಲದ ಯಂತ್ರವನ್ನು ಗಡಗಡ ತುಳಿದ. ಇವರೆಲ್ಲ ಒಳಗೊಳಗೇ ಒಂದು, ಅವಳಿಗೆ ಖಾತ್ರಿಯಾಯಿತು. ಅಪರಿಚಿತರು ಬಂದರು ಎಂದು ಒಬ್ಬರಿಗೊಬ್ಬರು ಸುಳಿವು ಕೊಡುತ್ತಿದ್ದಾರೆ.

ಉದ್ಯಾನದಲ್ಲಿ ಅವಳ ಸಂಶಯಕ್ಕೆ ಬಲ ಬಂತು. ಗೈಡ್ ಕೆಂಪು ಗುಲಾಬಿ ಎಂದಲ್ಲಿ ಕೆಂಪು ಗುಲಾಬಿಯೇ ಇತ್ತು, ನಿಜ. ಆದರೆ ಗಿಡಗಳನ್ನು ಕುಂಡದ ಸಮೇತ ನೆಲಕ್ಕೆ ಹೂತಿದ್ದರು. ಮಾಲಿ ಮೊಣಕೈವರೆಗೆ ಮಣ್ಣು ಮೆತ್ತಿಕೊಂಡು, ಬೆನ್ನ ಹಿಂದೆ ಒಂದು ಬುಟ್ಟಿ ಬಿಳಿ ಗುಲಾಬಿ ಬಚ್ಚಿಟ್ಟುಕೊಂಡು ಹಲ್ಲು ಕಿರಿದ.

ಕೊನೆಗೆ ಗಡಿಯಾರದ ಗೋಪುರ. "ಐದು ನಿಮಿಷ ಹಿಂದೆ ನಡೆಯತ್ತೆ," ಗೈಡ್ ಕತ್ತೆತ್ತಿ ಹೇಳಿದ. "ಮೊದಲ ನಗರಾಧ್ಯಕ್ಷರ ಹೆಂಡತಿ ಎಲ್ಲಿಗೂ ಹೊತ್ತಿಗೆ ಸರಿಯಾಗಿ ಬರ್ತಿರ್ಲಿಲ್ಲ. ಮನೇಲಿ ಜಗಳ ಆಡೋದಕ್ಕಿಂತ ಗಡಿಯಾರ ಹಿಂದೆ ಮಾಡೋದು ಸುಲಭ ಅಂತ ಆಜ್ಞೆ ಹೊರಡಿಸಿದ್ರು."

ಅವಳೂ ನಕ್ಕುಬಿಟ್ಟಳು. ತಕ್ಷಣ ಮುಖ ಬಿಗಿದುಕೊಂಡಳು. ಇಷ್ಟು ಚೆನ್ನಾಗಿ ಕಥೆ ಹೇಳುವವನ ಬಿಲ್ಲೆ ಕೀಳುವುದೆಂದರೆ ಸಂಕಟವೇ. ಆದರೆ ಕೆಲಸ ಕೆಲಸವೇ.

ಗೋಪುರದ ಕೆಳಗೆ ಟಿಕೆಟ್ಟಿಗೆ ತೂತು ಹೊಡೆಸಿಕೊಳ್ಳುವುದು ಈ ಊರಿನ ಪದ್ಧತಿ. ಗೈಡ್ ಜೇಬಿನಿಂದ ಪುಟ್ಟ ಇಕ್ಕಳ ತೆಗೆದು ಒಬ್ಬೊಬ್ಬರ ಟಿಕೆಟ್ಟಿಗೂ ನಕ್ಷತ್ರದಾಕಾರದ ತೂತು ಹಾಕಿ ಕೊಟ್ಟ. ಎಲ್ಲರೂ ಚದುರಿದ ಮೇಲೆ ಅವಳು ಟೋಪಿ ತೆಗೆದಳು. ಬೇಕರಿಯವಳು, ಮಾಲಿ, ಪೇಂಟರ್ ದೂರದಲ್ಲಿ ಸಾಲಾಗಿ ನಿಂತಿದ್ದರು, ಪರೀಕ್ಷೆಯ ಫಲಿತಾಂಶಕ್ಕೆ ಕಾದವರಂತೆ.

ಅವಳು ತನ್ನ ಗುರುತಿನ ಚೀಟಿಯನ್ನು ಅವನ ಮುಂದೆ ಹಿಡಿದಳು. ಇಲಾಖೆಯ ಕೆಂಪು ಮೊಹರು, ದಪ್ಪಕ್ಷರದಲ್ಲಿ ಹುದ್ದೆ, ಅವಳದೇ ಫೋಟೊ.

"ಇದನ್ನ ಸ್ವಲ್ಪ ನೋಡಿ," ಅಂದಳು.

"ಅದೇ ನೋಡಿ, ಒಬ್ಬರದು ಬಾಕಿ ಇದೆ ಅಂದ್ಕೊಂಡೆ!" ಗೈಡ್ ಚೀಟಿ ತೆಗೆದುಕೊಂಡು, ಅಂಚಿನ ಮೇಲೆ ಹೆಬ್ಬೆರಳಾಡಿಸಿ, ಫೋಟೊದ ಮೂಗಿಗೇ ಸರಿಯಾಗಿ ಒಂದು ನಕ್ಷತ್ರ ಹೊಡೆದ. "ಟಿಕೆಟ್ ದಪ್ಪ ಮಾಡ್ಸಿದ್ದಾರೆ, ಒಳ್ಳೇದು." ಅವಳ ಎಡಭುಜದಾಚೆಗೆ ಎಲ್ಲೋ ಮುಗುಳ್ನಕ್ಕ. "ಮತ್ತೆ ಬನ್ನಿ ಅಮ್ಮ. ಇಲ್ಲಿ ಏನೂ ಬದಲಾಗಿರಲ್ಲ, ನಾನು ಗ್ಯಾರಂಟಿ."

ಕೊಡೆಯಿಂದ ತಾಳ ಹಾಕುತ್ತಾ ಅವನು ಹೊರಟುಹೋದ. ಪೇಂಟರ್ ಮೆಲ್ಲನೆ ಹತ್ತಿರ ಬಂದ.

"ಎರಡು ವರ್ಷ ಆಯ್ತು ಮೇಡಂ. ನಮಗೆ ಗೊತ್ತಿಲ್ಲ ಅಂದ್ಕೊಂಡಿದ್ದಾರೆ. ಅವರು ಕೊನೇ ಸಲ ನೋಡಿದಾಗ ಬಾಗಿಲು ಹಳದೀನೇ ಇತ್ತು."

ಅವಳು ಚೀಟಿಯ ತೂತಿನ ಮೇಲೆ ಬೆರಳಾಡಿಸಿದಳು. ನಗು ಬಂತು. ಅಂಚೆ ಕಚೇರಿಗೆ ಮರಳಿ, ಬಾಗಿಲ ಮೂಲೆಯಲ್ಲಿ ಉಳಿದ ನೀಲಿಯನ್ನು ಪೇಂಟರಿಗೆ ತೋರಿಸಿ, ಅವನು ಅದನ್ನು ಮುಚ್ಚುವವರೆಗೆ ಏಣಿ ಹಿಡಿದುಕೊಂಡಳು. ಆಮೇಲೆ ಅಲ್ಲೇ ಮೆಟ್ಟಿಲ ಮೇಲೆ ಕುಳಿತು ವರದಿ ಬರೆದಳು:

'ದೂರು ಸುಳ್ಳು. ಬಾಗಿಲು ಹಳದಿ, ಗುಲಾಬಿ ಕೆಂಪು. ನಾನು ಕಣ್ಣಾರೆ ಕಂಡಿದ್ದೇನೆ.'