ನಾಲ್ಕು ಸ್ಟಾಪಿನ ಪಾಠ

ಬಸ್ಸು ಹತ್ತಿದವಳೇ ಮಗಳು ಕೇಳಿದಳು, "ಅಮ್ಮಾ, ಕಥೆಯಲ್ಲಿ ಬರೋ ನದಿ ಅಂದ್ರೆ ನಿಜವಾಗ್ಲೂ ಏನು?"

ಕಂಡಕ್ಟರಮ್ಮನ ಒಂದು ಕೈಯಲ್ಲಿ ಟಿಕೆಟ್ ಮಷೀನು, ಇನ್ನೊಂದು ಕೈ ಮೇಲಿನ ಕಂಬಿಯಲ್ಲಿ. ಶಾಲೆಯಿಂದ ಮನೆಗೆ ನಾಲ್ಕೇ ಸ್ಟಾಪು. ಮಗು ಏಳುವ ಮುಂಚೆ ಹೊರಟು, ಮಲಗಿದ ಮೇಲೆ ಮನೆ ಸೇರುವವಳಿಗೆ ಅವಳು ಎಚ್ಚರವಾಗಿ ಸಿಗುವುದು ಇಷ್ಟರಲ್ಲೇ. ಗದರುವುದು, ಮುದ್ದು, ಬಿಚ್ಚಿದ ಜಡೆ, ಹೋಂವರ್ಕು, ಎಲ್ಲ ಇದರೊಳಗೇ ಆಗಬೇಕು.

"ಯಾವ ಕಥೆನೇ? ಬೇಗ ಹೇಳು. ಸ್ವಾಮಿ, ಸ್ವಲ್ಪ ಒಳಗೆ ನಡೀರಿ, ಬಾಗಿಲೇನು ನಿಮ್ಮನೇದಾ?"

"ಒಂದು ಮಗು ದಿನಾ ದಡದಲ್ಲಿ ನಿಂತು, ಒಂದ್ಗಳಿಗೆ ನಿಲ್ಲು, ಆಡೋಣ ಅಂತ ನದೀನ ಕರೆಯುತ್ತೆ. ನದಿ ನಿಲ್ಲಲ್ಲ, ಸಮುದ್ರ ಸೇರ್ಬೇಕು ಅಂತ ಓಡುತ್ತೆ. ಕಾದೂ ಕಾದೂ ಮಗು ಕಲ್ಲಾಗ್ಬಿಡುತ್ತೆ. ನದಿ ಯಾವುದರ ಸಂಕೇತ ಅಂತ ಪ್ರಶ್ನೆ."

ಹೆಬ್ಬೆರಳು ತಪ್ಪಿ ಮಷೀನಿನಿಂದ ಒಂದರ ಬದಲು ಎರಡು ಟಿಕೆಟ್ ಬಂದವು.

"ಅದಕ್ಕೆ ನಿಲ್ಲೋಕಾಗತ್ತೇನೇ, ಪಾಪ? ಇಳಿಜಾರು ನೂಕ್ತಾನೇ ಇರತ್ತೆ. ಕೆಳಗೆ ಊರೂರೇ ನೀರಿಗೆ ಕಾಯ್ತಿರತ್ತೆ. ದುಡಿಯೋರ ಸಂಕೇತ ಅಂತ ಬರಿ."

ಮುಂದಿನ ಸೀಟಿನ ನಿವೃತ್ತ ಮೇಷ್ಟ್ರು ಮೂಗು ತೂರಿಸಿದರು. "ಮಗೂಗೆ ತಪ್ಪು ಹೇಳಿಕೊಡಬೇಡಮ್ಮ. ನಲವತ್ತು ವರ್ಷ ಪಾಠ ಮಾಡಿದೀನಿ. ನದಿ ಅಂದ್ರೆ ಸ್ವಾರ್ಥ, ಮಗು ಅಂದ್ರೆ ಮುಗ್ಧತೆ. ಕರೆದದ್ದು ಕೇಳಿಸ್ತು, ಆದ್ರೂ ನಿಲ್ಲಲಿಲ್ಲ. ಅದೇ ನೀತಿ."

"ಎರಡು ನಿಮಿಷ ನಿಂತ್ರೆ ಮೆಮೊ ಕೊಡೋರು ನದಿಗೂ ಇರ್ತಾರೆ ಮೇಷ್ಟ್ರೇ."

ಹಿಂದೆ ಯಾರೋ ಇಬ್ಬರು ನಕ್ಕರು. ಮೇಷ್ಟ್ರು ನಗಲಿಲ್ಲ. "ತಮಾಷೆಗೆ ಯಾರೂ ಅಂಕ ಕೊಡಲ್ಲ," ಎಂದರು, ಕಡ್ಡಿ ಮುರಿದಂತೆ.

ಮಗಳು ಅಮ್ಮನ ಬಾಯಿಯನ್ನೇ ನೋಡುತ್ತಿದ್ದಳು. ಮೂರನೇ ಸ್ಟಾಪು ದಾಟಿತು. ಓದಿದವರ ಮುಂದೆ ಏನು ವಾದ ಎನ್ನಿಸಿತೋ, ದಣಿವೋ, ಕಂಡಕ್ಟರಮ್ಮ ಮಗಳ ಜಡೆಗೆ ರಿಬ್ಬನ್ ಸುತ್ತುತ್ತ ಹೇಳಿಬಿಟ್ಟಳು, "ಆಯ್ತು, ಅಜ್ಜ ಹೇಳಿದ್ದೇ ಸರಿ. ಹಂಗೇ ಬರಿ. ನಿಂಗೆ ಅಂಕ ಬರ್ಲಿ."

"ಹಂಗೇ ಬರೆದೆ. ಪರೀಕ್ಷೆ ನಿನ್ನೇನೇ ಆಯ್ತು. ಐದಕ್ಕೆ ಐದು."

ರಿಬ್ಬನ್ನಿನ ಗಂಟು ಅರ್ಧಕ್ಕೇ ನಿಂತಿತು. "ಮತ್ತೆ ಈಗ್ಯಾಕೆ ಕೇಳ್ದೆ?"

"ನದಿ ಸ್ವಾರ್ಥಿ ಅಂತ ಮಿಸ್ ಹೇಳಿದ್ದು ಸುಳ್ಳು ಅಂತ ನೀನು ಹೇಳ್ತೀಯ ಅನ್ಕೊಂಡಿದ್ದೆ."

ನಾಲ್ಕನೇ ಸ್ಟಾಪು ಬಂತು. ಇಳಿಯುವವರು, ಹತ್ತುವವರು ಒಟ್ಟಿಗೇ ನುಗ್ಗಿದರು. ಆ ಗುಂಪನ್ನು ಸರಿಸಿಕೊಂಡು ಕಂಡಕ್ಟರಮ್ಮ ಬಾಗಿಲಿಗೆ ಬರುವಷ್ಟರಲ್ಲಿ ಮಗಳು ಇಳಿದಾಗಿತ್ತು. ಡ್ರೈವರ್ ಕನ್ನಡಿಯಲ್ಲಿ ನೋಡಿ, "ರೈಟ್ ಹೇಳಕ್ಕಾ, ಲೇಟಾಗ್ತಿದೆ," ಎಂದ.

"ರೈಟ್," ಎಂದಳು.

ಬಸ್ಸು ಹೊರಟಿತು. ಮಗಳು ಫುಟ್‌ಪಾತಿನ ಮೇಲೆ ನಿಂತು ನಗುತ್ತ ಕೈ ಬೀಸಿದಳು, ಮುಂದಿನ ಕಿಟಕಿಯಲ್ಲಿದ್ದ ಮೇಷ್ಟ್ರಿಗೆ.